ಕನ್ಸಲ್ಟಿಂಗ್ ಕೆಲಸಕ್ಕೆ ಸೇರುವ ಮುನ್ನ: ಕೇಳುವ ಕಿವಿ, ಹೇಳುವ ಕ್ರಮ

ಪ್ರಶ್ನೆ: ನಾನು ದಾವಣಗೆರೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನಂತರ ಎಂಜಿನಿಯರಿಂಗ್ ಮತ್ತು ಎಂಬಿಎ ಮುಗಿಸಿದ್ದೇನೆ. ಬರುವ ಜುಲೈನಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಸಂಸ್ಥೆಯೊಂದಕ್ಕೆ ಅನಲಿಸ್ಟ್ ಆಗಿ ಸೇರಲಿದ್ದೇನೆ. ಎಕ್ಸೆಲ್, ಪವರ್‌ಪಾಯಿಂಟ್‌ಗಳಲ್ಲಿ ಕೈ ಪಳಗಿದೆ. ಆದರೆ ಸಾಫ್ಟ್ ಸ್ಕಿಲ್ಸ್ ಇಲ್ಲದಿದ್ದರೆ ಈ ಕ್ಷೇತ್ರದಲ್ಲಿ ಉಳಿಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಹಿರಿಯ ಅಧಿಕಾರಿಗಳ ಮುಂದೆ ಇಂಗ್ಲಿಷಿನಲ್ಲಿ ಮಾತನಾಡುವಾಗ ತಡವರಿಸುತ್ತೇನೆ. ನಾನು ಮೊದಲು ಕಲಿಯಬೇಕಾದದ್ದು ಯಾವುದು?

ಉತ್ತರ: ಎದುರಿಗೆ ಕುಳಿತವರು ನಿಮಗೆ ನಿಜ ಹೇಳುವಂತೆ ನಡೆದುಕೊಳ್ಳುವುದನ್ನು ಮೊದಲು ಕಲಿಯಿರಿ, ನೀವು ಕಂಡುಕೊಂಡ ನಿಜವನ್ನು ಅವರು ತಾಳಿಕೊಳ್ಳುವಂತೆ ಹೇಳುವುದನ್ನು ಅದರ ಜೊತೆಗೇ ಕಲಿಯಿರಿ. ಸಾಫ್ಟ್ ಸ್ಕಿಲ್ಸ್ ಎಂಬ ಹೆಸರಿನಲ್ಲಿ ಕೋಚಿಂಗ್ ಕೇಂದ್ರಗಳು ಮಾರುವ ಸರಕಿನಲ್ಲಿ ಹಸ್ತಲಾಘವದ ಬಿಗಿಯಿಂದ ಹಿಡಿದು ಊಟದ ಮೇಜಿನ ಚಮಚಗಳವರೆಗೆ ನೂರೆಂಟು ಸಂಗತಿಗಳಿರುತ್ತವೆ. ಇಪ್ಪತ್ತನಾಲ್ಕು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದೆಂದರೆ, ಸಲಹೆಗಾರರ ಬದುಕು ನಿಂತಿರುವುದು ಮೇಲೆ ಹೇಳಿದ ಎರಡು ಸಂಗತಿಗಳ ಮೇಲೆ. ಕ್ಲೈಂಟ್, ಅಂದರೆ ಸಲಹೆ ಕೇಳಿ ಬಂದವರು, ತಮ್ಮ ಕಾರ್ಖಾನೆಯನ್ನು ಮೂವತ್ತು ವರ್ಷಗಳಿಂದ ನಡೆಸುತ್ತಿರುತ್ತಾರೆ. ನೀವು ಅಲ್ಲಿಗೆ ಕಾಲಿಟ್ಟು ಮೂರು ವಾರವಾಗಿರುತ್ತದೆ. ಅವರಿಗೆ ಗೊತ್ತಿಲ್ಲದ್ದನ್ನು ನೀವು ಹೇಳಬೇಕಾದರೆ, ಅದು ಅವರದೇ ಜನರ ಬಾಯಿಂದ ಮತ್ತು ಅವರದೇ ಕಡತಗಳಿಂದ ನಿಮಗೆ ಬಂದಿರಬೇಕು.

ಇಂಗ್ಲಿಷಿನ ಅಳುಕು ನಿಮ್ಮನ್ನು ಹೆಚ್ಚು ಕಾಡುತ್ತಿರುವುದರಿಂದ ಅದನ್ನು ಮೊದಲು ಇತ್ಯರ್ಥ ಮಾಡೋಣ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಮುಗಿಸಿದ ಬಾರ್ಬರಾ ಮಿಂಟೋ ಎಂಬ ಅಮೆರಿಕನ್ ಮಹಿಳೆ 1963ರಲ್ಲಿ ಮೆಕಿನ್ಸಿ ಎಂಬ ಅಮೆರಿಕದ ಕನ್ಸಲ್ಟಿಂಗ್ ಸಂಸ್ಥೆಗೆ ಸೇರಿದರು. ಆ ಸಂಸ್ಥೆ ಎಂಬಿಎ ಪದವಿಯ ಮೇಲೆ ಸಲಹೆಗಾರರಾಗಿ ತೆಗೆದುಕೊಂಡ ಮೊದಲ ಮಹಿಳೆ ಅವರು. 1966ರಲ್ಲಿ ಅವರನ್ನು ಲಂಡನ್ ಕಚೇರಿಗೆ ಕಳುಹಿಸಲಾಯಿತು. ಯುರೋಪಿನಲ್ಲಿ ಹೆಚ್ಚುತ್ತಿದ್ದ ಸಲಹೆಗಾರರ ವರದಿ ಬರವಣಿಗೆಯನ್ನು ಸುಧಾರಿಸುವುದು ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸವಾಗಿತ್ತು, ಮತ್ತು ಆ ಸಲಹೆಗಾರರಲ್ಲಿ ಅನೇಕರ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ. ಕಳಪೆ ವರದಿಗಳ ತೊಡಕು ವ್ಯಾಕರಣದಲ್ಲಿಲ್ಲ, ಬರೆದವರು ತಮ್ಮ ವಿಚಾರಗಳನ್ನು ಜೋಡಿಸಿದ ಕ್ರಮದಲ್ಲಿದೆ ಎಂಬುದನ್ನು ಮಿಂಟೋ ಕಂಡುಕೊಂಡರು. ಮೊದಲು ಉತ್ತರ, ಅದರ ಕೆಳಗೆ ಅದನ್ನು ಹೊತ್ತು ನಿಲ್ಲಿಸುವ ಕೆಲವೇ ಕಾರಣಗಳು, ಪ್ರತಿ ಕಾರಣದ ಕೆಳಗೆ ಅದರ ಪುರಾವೆ ಎಂಬ ಪಿರಮಿಡ್ ಕ್ರಮವನ್ನು ಅವರು ರೂಪಿಸಿದರು. ಇಂದು ಅನೇಕ ದೊಡ್ಡ ಕನ್ಸಲ್ಟಿಂಗ್ ಸಂಸ್ಥೆಗಳಲ್ಲಿ ಹೊಸಬರಿಗೆ ಇದನ್ನು ಕಲಿಸುತ್ತಾರೆ. ನೀವು ತಡವರಿಸುವಾಗ ನಿಮ್ಮನ್ನೇ ಗಮನಿಸಿಕೊಳ್ಳಿ. ಪದ ಸಿಗದೆ ತಡವರಿಸುವುದಕ್ಕಿಂತ, ಮುಂದಿನ ವಾಕ್ಯದಲ್ಲಿ ಏನು ಹೇಳಬೇಕೆಂದು ನಿಶ್ಚಯವಾಗದೆ ತಡವರಿಸುವುದೇ ಹೆಚ್ಚೆಂದು ನಿಮಗೆ ತಿಳಿದೀತು. ಕನ್ನಡದಲ್ಲಿ ಕ್ರಮವಾಗಿ ಹೇಳಲಾಗದ್ದನ್ನು ಇಂಗ್ಲಿಷಿನಲ್ಲಿಯೂ ಹೇಳಲಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಸರಕು ಗ್ರಾಹಕರಿಗೆ ತಡವಾಗಿ ಹೋಗುತ್ತಿರುವುದು ಏಕೆ ಎಂದು ಕಾರ್ಖಾನೆಯ ಮುಖ್ಯಸ್ಥರು ಕೇಳಿದ್ದಾರೆಂದುಕೊಳ್ಳಿ. ಹೊಸಬರು ಸಾಮಾನ್ಯವಾಗಿ, ಮೊದಲು ಮೂರು ತಿಂಗಳ ಡಿಸ್ಪ್ಯಾಚ್ ವಿವರಗಳನ್ನು ತರಿಸಿಕೊಂಡೆವು, ಅದರಲ್ಲಿ ಕೆಲವು ದಿನಾಂಕಗಳು ಇರಲಿಲ್ಲ, ಆಮೇಲೆ ಉತ್ಪಾದನಾ ವಿಭಾಗದವರನ್ನು ಭೇಟಿ ಮಾಡಿದೆವು ಎಂದು ತಾವು ಪಟ್ಟ ಪಾಡಿನ ಕಥೆಯನ್ನು ಆರಂಭಿಸುತ್ತಾರೆ. ಮುಖ್ಯಸ್ಥರು ಎರಡನೆಯ ನಿಮಿಷಕ್ಕೆ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಅದರ ಬದಲು, "ತಡಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಕಚ್ಚಾ ಸಾಮಗ್ರಿ. ನಾವು ನೋಡಿದ 40 ತಡವಾದ ಆರ್ಡರ್‌ಗಳ ಪೈಕಿ 27ರಲ್ಲಿ ಕೆಲಸ ಆರಂಭವಾಗಬೇಕಾದ ದಿನ ಉಕ್ಕು ಇನ್ನೂ ಬಂದಿರಲಿಲ್ಲ" ಎಂದರೆ ಅವರು ತಲೆ ಎತ್ತುತ್ತಾರೆ, ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ಆ ಎರಡು ವಾಕ್ಯಗಳಿಗೆ ಹತ್ತನೆಯ ತರಗತಿಯ ಇಂಗ್ಲಿಷ್ ಸಾಕು. ಇಲ್ಲಿ ನನ್ನದೊಂದು ತಕರಾರನ್ನೂ ಸೇರಿಸುತ್ತೇನೆ: ಅಮೆರಿಕದ ಸಂಸ್ಥೆಯೊಂದರಲ್ಲಿ ರೂಪುಗೊಂಡ ಈ ಪದ್ಧತಿಯನ್ನು ನಮ್ಮಲ್ಲಿ ಎಲ್ಲ ಕಡೆಯೂ ಹಾಗೆಯೇ ಬಳಸಲಾಗದು. ಕುಟುಂಬದ ಒಡೆತನದ ಸಂಸ್ಥೆಯಲ್ಲಿ, ಹಿರಿಯ ಯಜಮಾನರ ಎದುರು, ಅವರೇ ಆರಂಭಿಸಿದ ಘಟಕ ನಷ್ಟದಲ್ಲಿದೆಯೆಂದು ಮೊದಲ ವಾಕ್ಯದಲ್ಲೇ ಹೇಳಿದರೆ ಅವರ ಕಿವಿ ಅಲ್ಲಿಗೇ ಮುಚ್ಚಿಕೊಳ್ಳುತ್ತದೆ. ಆ ಘಟಕವನ್ನು ಏಕೆ ಆರಂಭಿಸಿದ್ದರು, ಆಗ ಅದು ಏಕೆ ಸರಿಯಾದ ನಿರ್ಧಾರವಾಗಿತ್ತು, ಆಮೇಲೆ ಏನು ಬದಲಾಯಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಉತ್ತರಕ್ಕೆ ಬರಬೇಕು. ಇದು ಸುತ್ತಿಬಳಸುವುದಲ್ಲ, ಕೇಳುವವರಿಗೆ ಕೂರಲು ಜಾಗ ಕೊಡುವುದು.

ಈಗ ನಾನು ಮುಖ್ಯವೆಂದುಕೊಂಡಿರುವ ಮಾತಿಗೆ, ಅಂದರೆ ಕೇಳಿಸಿಕೊಳ್ಳುವುದಕ್ಕೆ ಬರುತ್ತೇನೆ. ವೃತ್ತಿಯ ಎರಡನೆಯ ವರ್ಷದಲ್ಲಿ ನಾನು ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಯ ಪ್ರಶ್ನೆಯೂ ಸರಕಿನ ವಿಳಂಬವೇ ಆಗಿತ್ತು. ಉತ್ಪಾದನಾ ಮ್ಯಾನೇಜರ್ ಹಳೆಯ ಯಂತ್ರಗಳನ್ನು ದೂರಿದರು, ನಿರ್ವಹಣಾ ವಿಭಾಗದವರು ಬಿಡಿಭಾಗಗಳಿಲ್ಲವೆಂದರು, ಖರೀದಿಯವರು ಪೂರೈಕೆದಾರರನ್ನು ದೂರಿದರು. ಎಲ್ಲರೂ ಮೀಟಿಂಗ್ ಕೋಣೆಯಲ್ಲಿ, ಮೇಜಿನಾಚೆ ಕುಳಿತು, ನನ್ನ ನೋಟ್‌ಬುಕ್ಕಿನತ್ತ ನೋಡುತ್ತ ಉತ್ತರಿಸಿದವರು. ಎರಡನೆಯ ವಾರ ಸ್ಟೋರ್ಸ್‌ನಲ್ಲಿ ದಾಸ್ತಾನು ಎಣಿಸಲು ಹೋದಾಗ ಅಲ್ಲಿಯ ಹಿರಿಯ ಮೇಲ್ವಿಚಾರಕರು ಚಹಾ ತರಿಸಿದರು. ಎರಡು ದಿನ ಅವರ ಜೊತೆ ನಿಂತು ರ‍್ಯಾಕುಗಳನ್ನು ಎಣಿಸಿದೆ. ಮೂರನೆಯ ದಿನ, ಯಾರೂ ಕೇಳದೆಯೇ, ಒಂದು ಲಕ್ಷ ರೂಪಾಯಿಗಿಂತ ಹೆಚ್ಚಿನ ಪ್ರತಿಯೊಂದು ಖರೀದಿಗೂ ಯಜಮಾನರ ಮಗನ ಸಹಿ ಬೇಕು, ಅವರು ವಾರಕ್ಕೆ ಎರಡೇ ದಿನ ಕಾರ್ಖಾನೆಗೆ ಬರುತ್ತಾರೆ, ಎಲ್ಲರಿಗೂ ಇದು ಗೊತ್ತು, ಹೇಳುವವರು ಯಾರೂ ಇಲ್ಲ ಎಂದು ಅವರು ಹೇಳಿದರು. ಕಡತಗಳನ್ನು ತೆಗೆದು ನೋಡಿದಾಗ ದಿನಾಂಕಗಳು ಅವರ ಮಾತನ್ನು ಅಕ್ಷರಶಃ ಸಮರ್ಥಿಸಿದವು.

ನಾನು ಮಾಡಿದ ತಪ್ಪು ಆಮೇಲಿನದು. ಸಿಕ್ಕ ಸುಳಿವಿನ ಹುರುಪಿನಲ್ಲಿ ಮರುವಾರದ ಸ್ಲೈಡಿನಲ್ಲಿ "ಸ್ಟೋರ್ಸ್ ಮೇಲ್ವಿಚಾರಕರ ಪ್ರಕಾರ" ಎಂದು ಬರೆದುಬಿಟ್ಟೆ. ಆ ಕಾರ್ಖಾನೆಯಲ್ಲಿ ಸ್ಟೋರ್ಸ್ ಮೇಲ್ವಿಚಾರಕರು ಒಬ್ಬರೇ ಇದ್ದರು. ಮೀಟಿಂಗಿನಲ್ಲಿ ಯಜಮಾನರ ಮಗ ಏನೂ ಹೇಳಲಿಲ್ಲ. ಸಂಜೆ ಆ ಹಿರಿಯರನ್ನು ಕರೆಸಿದರು. ಅವರ ಕೆಲಸವೇನೂ ಹೋಗಲಿಲ್ಲ. ಆದರೆ ಮರುದಿನದಿಂದ ನಾವು ಶಾಪ್ ಫ್ಲೋರಿಗೆ ಹೋದರೆ ಜನ ಯಂತ್ರದ ಸದ್ದಿಗೆ ಕೇಳಿಸದವರಂತೆ ತಿರುಗಿ ನಿಲ್ಲುತ್ತಿದ್ದರು. ಉಳಿದ ಆರು ವಾರ ನಮಗೆ ಸಿಕ್ಕಿದ್ದು ಕಂಪ್ಯೂಟರಿನ ಅಂಕಿ ಮಾತ್ರ. ನಾನು ಬರೆದ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅದು ಅಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ: ಕಡತದ ದಿನಾಂಕಗಳೇ ಸಾಕ್ಷಿ ಹೇಳುತ್ತಿದ್ದವು, ಮನುಷ್ಯನನ್ನು ಸಾಕ್ಷಿಯ ಕಟಕಟೆಗೆ ಏರಿಸುವ ಕಾರಣವಿರಲಿಲ್ಲ. ಅಂದಿನಿಂದ ನಾನು ಪಾಲಿಸುವ, ನನ್ನ ತಂಡದವರಿಗೂ ಹೇಳುವ ನಿಯಮವಿಷ್ಟೇ. ಮಾತಿನಲ್ಲಿ ಸಿಕ್ಕಿದ್ದನ್ನು ಸುಳಿವೆಂದು ತೆಗೆದುಕೊಳ್ಳಿ, ದಾಖಲೆಯಲ್ಲಿ ಸಿಕ್ಕಿದ್ದನ್ನು ಪುರಾವೆಯೆಂದು ಬಳಸಿ, ಮಾತಾಡಿದವರ ಹೆಸರನ್ನಾಗಲಿ, ಹೆಸರನ್ನು ಊಹಿಸಬಹುದಾದ ಹುದ್ದೆಯನ್ನಾಗಲಿ ಕಾಗದಕ್ಕೆ ಇಳಿಸಬೇಡಿ.

ಕೇಳುವುದರಲ್ಲೂ ಕಸುಬುಗಾರಿಕೆಯಿದೆ. "ನಿಮ್ಮ ವಿಭಾಗದ ಸಮಸ್ಯೆಗಳೇನು?" ಎಂದು ಕೇಳಿದರೆ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳುವ ಉತ್ತರವನ್ನೇ ಕೊಡುತ್ತಾರೆ, ಏಕೆಂದರೆ ಆ ಪ್ರಶ್ನೆಯೊಳಗೇ ಒಂದು ಆರೋಪವಿದೆ. "ಹೋದ ವಾರ ಒಂದು ಆರ್ಡರ್ ತಡವಾಯಿತಲ್ಲ, ಅದು ಬಂದ ದಿನದಿಂದ ಏನೇನಾಯಿತೆಂದು ಹೇಳುತ್ತೀರಾ?" ಎಂದು ನಡೆದ ಒಂದೇ ಘಟನೆಯನ್ನು ಕೇಳಿ ನೋಡಿ, ಘಟನೆಯನ್ನು ಹೇಳುವಾಗ ಜನ ಅಷ್ಟಾಗಿ ಎಚ್ಚರಿಕೆಯಲ್ಲಿರುವುದಿಲ್ಲ. ಉತ್ತರ ಮುಗಿಯಿತೆನಿಸಿದಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ನಾಲ್ಕೈದು ಕ್ಷಣ ಸುಮ್ಮನಿದ್ದರೆ ಅವರು ಇನ್ನೊಂದು ವಾಕ್ಯ ಸೇರಿಸುತ್ತಾರೆ, ಮತ್ತು ಬಹಳ ಸಲ ಆ ವಾಕ್ಯಕ್ಕಾಗಿಯೇ ನೀವು ಬಂದಿರುತ್ತೀರಿ. ಭಾಷೆಯ ವಿಷಯದಲ್ಲಿ ನಿಮ್ಮ ಅಳುಕು ಇಲ್ಲಿ ತಿರುವುಮುರುವಾಗುತ್ತದೆ. ಹೊಸಪೇಟೆಯ ಗಣಿ ಕಚೇರಿಯಲ್ಲೋ ದೊಡ್ಡಬಳ್ಳಾಪುರದ ಬಟ್ಟೆ ಘಟಕದಲ್ಲೋ ಶಿಫ್ಟ್ ಮೇಲ್ವಿಚಾರಕರ ಜೊತೆ ಕನ್ನಡದಲ್ಲಿ ಸಲೀಸಾಗಿ ಮಾತನಾಡಬಲ್ಲ ಅನಲಿಸ್ಟ್, ಇಂಗ್ಲಿಷನ್ನಷ್ಟೇ ಬಲ್ಲ ತನ್ನ ಸಹೋದ್ಯೋಗಿಗಿಂತ ಎಷ್ಟೋ ಮುಂದಿರುತ್ತಾರೆ. ಇನ್ನು, ನಿಮ್ಮ ಸಂಸ್ಥೆಯೊಳಗೆ ಎಲ್ಲರಿಗಿಂತ ಹಿರಿಯರಾದ ಪಾರ್ಟ್‌ನರ್ ಅವರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರುತ್ತದೆ. ಅದೇ ಅಭ್ಯಾಸವನ್ನು ಕ್ಲೈಂಟ್ ಕಡೆಗೆ ಒಯ್ಯಬೇಡಿ. ಅಲ್ಲಿಯ ಹಿರಿಯರಿಗೆ ಸರ್, ಮೇಡಂ ಎಂದೇ ಹೇಳಿ. ಬೇಡವೆಂದು ಅವರೇ ಹೇಳಿದರೆ ಆಗ ನೋಡೋಣ.

ಅಂಕಿ ಅಂಶ ಕೇಳುವುದೂ ಸಂಬಂಧದ ಕೆಲಸವೇ. ಹೊಸ ಅನಲಿಸ್ಟ್ ಮೊದಲ ದಿನವೇ ಅರವತ್ತು ಸಾಲುಗಳ ಪಟ್ಟಿಯನ್ನು ಕ್ಲೈಂಟ್‌ನ ಲೆಕ್ಕಪತ್ರ ವಿಭಾಗಕ್ಕೆ ಇಮೇಲ್ ಮಾಡಿ, ಶುಕ್ರವಾರದೊಳಗೆ ಕೊಡಿ ಎನ್ನುತ್ತಾರೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುವ ಆ ವಿಭಾಗದವರಿಗೆ ಇದು ತಮ್ಮ ಕೆಲಸದ ಮೇಲೆ ಇನ್ನೊಬ್ಬರ ಕೆಲಸ. ಯಾವ ಪ್ರಶ್ನೆಗೆ ಯಾವ ಅಂಕಿ ಬೇಕೆಂದು ಮೊದಲು ನಿಮಗೇ ತಿಳಿದಿದ್ದರೆ ಅರವತ್ತು ಸಾಲು ಹದಿನೈದಕ್ಕೆ ಇಳಿಯುತ್ತದೆ. ನಮ್ಮ ನಾಡಿನ ಬಹು ದೊಡ್ಡ ಸಲಹೆಗಾರರೊಬ್ಬರನ್ನು ಈ ಮಾತಿಗೆ ನೆನೆಯಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ನುಚ್ಚುನೂರು ಮಾಡಿದ ಮೇಲೆ, ಮುಂಬಯಿ ಪ್ರಾಂತ್ಯದ ಸರ್ಕಾರಿ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ 1909ರಲ್ಲಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ನಗರವನ್ನು ಮುಂದೆ ಪ್ರವಾಹದಿಂದ ಹೇಗೆ ಕಾಪಾಡುವುದೆಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಅವರು ಮಳೆಯ ದಾಖಲೆಗಳನ್ನು ಕಲೆಹಾಕಿದರು, ನದಿಯ ಮೇಲ್ಭಾಗದ ಜಲಾನಯನ ಪ್ರದೇಶವನ್ನೂ ಅಲ್ಲಿ ಒಡೆದುಹೋಗಿದ್ದ ಕೆರೆಗಳನ್ನೂ ಪರಿಶೀಲಿಸಿದರು. ನೀರು ಎಲ್ಲಿಂದ, ಎಷ್ಟು, ಯಾವ ವೇಗದಲ್ಲಿ ಬಂತೆಂಬ ಲೆಕ್ಕ ಸಿಕ್ಕ ಮೇಲೆ ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವ ಸಲಹೆ ಬಂತು; ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಅದರ ಫಲ. ಎಲ್ಲಿಂದ ಬಂತು ಎಂಬ ಪ್ರಶ್ನೆ ಸ್ಪಷ್ಟವಾಗಿದ್ದುದರಿಂದ ಯಾವ ದಾಖಲೆ ಬೇಕೆಂಬುದೂ ಸ್ಪಷ್ಟವಿತ್ತು. ಕ್ಲೈಂಟ್‌ನ ಲೆಕ್ಕಪತ್ರ ವಿಭಾಗಕ್ಕೆ ನೀವೇ ಹೋಗಿ, ಪಕ್ಕದಲ್ಲಿ ಕುಳಿತು, "ಈ ಮೂರು ಮೊದಲು ಕೊಟ್ಟರೆ ಸಾಕು, ಉಳಿದದ್ದು ನಿಮ್ಮ ಲೆಕ್ಕ ಮುಗಿದ ಮೇಲೆ" ಎನ್ನಿ. ಕೊಟ್ಟ ಅಂಕಿಯಿಂದ ಏನು ತಿಳಿಯಿತೆಂದು ವಾರದ ನಂತರ ಹೋಗಿ ತೋರಿಸಿ. ಅದನ್ನು ಯಾರೂ ಮಾಡುವುದಿಲ್ಲವಾದ್ದರಿಂದ ಅವರು ನಿಮ್ಮನ್ನು ಮರೆಯುವುದಿಲ್ಲ.

ಇದುವರೆಗೆ ಹೇಳಿದ್ದು ಕ್ಲೈಂಟ್ ನಿಮಗೆ ನಿಜ ಹೇಳುವ ಬಗ್ಗೆ. ನಿಮ್ಮ ಮ್ಯಾನೇಜರಿಗೆ ನೀವು ನಿಜ ಹೇಳುವುದು ಅದಕ್ಕಿಂತ ಕಷ್ಟ. ಒಂದು ದಿನ ರಾತ್ರಿ ಹನ್ನೊಂದಕ್ಕೆ, ಎರಡು ದಿನದ ಹಿಂದೆ ನೀವು ಕಳುಹಿಸಿದ ಲೆಕ್ಕದಲ್ಲಿ ಅರ್ಧ ಸಾಲುಗಳು ಜಿಎಸ್‌ಟಿ ಸೇರಿಸಿಯೂ ಉಳಿದರ್ಧ ಸೇರಿಸದೆಯೂ ಇದ್ದವೆಂದು ನಿಮ್ಮ ಕಣ್ಣಿಗೆ ಬೀಳುತ್ತದೆ. ಇಂಥದ್ದು ಎಲ್ಲರಿಗೂ ಆಗಿದೆ. ನನಗೆ ಲಕ್ಷ ಇರಬೇಕಾದಲ್ಲಿ ಕೋಟಿ ಬರೆದ ಅದಲುಬದಲೂ ಆಗಿದೆ. ಸದ್ದಿಲ್ಲದೆ ಸರಿಪಡಿಸಿ ಹೊಸ ಫೈಲ್ ಕಳುಹಿಸುವ ಆಸೆಗೆ ಬೀಳಬೇಡಿ, ಏಕೆಂದರೆ ಹಳೆಯ ಅಂಕಿ ಅಷ್ಟರಲ್ಲಿ ಯಾರ ಬಾಯಿಂದ ಯಾರ ಕಿವಿಗೆ ಹೋಗಿದೆಯೋ ನಿಮಗೆ ತಿಳಿದಿರುವುದಿಲ್ಲ. ಆ ರಾತ್ರಿಯೇ ಫೋನ್ ಮಾಡಿ, ಏನು ತಪ್ಪಾಗಿದೆ, ಒಟ್ಟು ಮೊತ್ತ ಎಷ್ಟು ಬದಲಾಗುತ್ತದೆ, ನಮ್ಮ ತೀರ್ಮಾನ ಬದಲಾಗುತ್ತದೆಯೇ ಇಲ್ಲವೇ, ಸರಿಯಾದ ಲೆಕ್ಕ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳಿ. ಬೈಸಿಕೊಳ್ಳಬೇಕಾಗಬಹುದು. ಆದರೆ ಮುಂದಿನ ಸಲ ನೀವು ಕೊಟ್ಟ ಅಂಕಿಯನ್ನು ಅವರು ಮರುಪರಿಶೀಲಿಸದೆ ಒಪ್ಪುತ್ತಾರೆ, ಏಕೆಂದರೆ ತಪ್ಪಿದ್ದರೆ ನೀವೇ ಹೇಳುತ್ತೀರೆಂದು ಅವರಿಗೆ ಗೊತ್ತಾಗಿರುತ್ತದೆ. ಕ್ಲೈಂಟ್ ಮುಂದೆ ಗೊತ್ತಿಲ್ಲದ ಪ್ರಶ್ನೆ ಬಂದಾಗಲೂ ಇದೇ ನಡೆ. "ಆ ಅಂಕಿ ಈಗ ನನ್ನ ಬಳಿ ಇಲ್ಲ, ನಾಳೆ ಹನ್ನೊಂದಕ್ಕೆ ಮುನ್ನ ಕಳುಹಿಸುತ್ತೇನೆ" ಎಂದು ಹೇಳಿ, ಹತ್ತಕ್ಕೇ ಕಳುಹಿಸಿಬಿಡಿ. ಊಹಿಸಿ ಹೇಳಿದ ಅಂಕಿಗಳು ಮಾತ್ರ ವಿಚಿತ್ರವಾಗಿ ದೀರ್ಘಾಯುಷಿಗಳು. ಆರು ತಿಂಗಳ ನಂತರ ಯಾರದೋ ಬಜೆಟ್ಟಿನಲ್ಲಿ ನಿಮ್ಮೆದುರು ಬಂದು ನಿಲ್ಲುತ್ತವೆ.

ನೀವು ಕಂಡುಕೊಂಡದ್ದು ಯಾರಿಗಾದರೂ ಇರಿಸುಮುರಿಸು ಉಂಟುಮಾಡುವಂಥದ್ದಾದರೆ, ಅದನ್ನು ಅವರು ಮೊದಲ ಸಲ ತುಂಬಿದ ಸಭೆಯಲ್ಲಿ ನೋಡುವಂತಾಗಬಾರದು. ಸಭೆಗೆ ಒಂದೆರಡು ದಿನ ಮುಂಚೆ ಸಂಬಂಧಪಟ್ಟವರನ್ನು ಒಬ್ಬೊಬ್ಬರಾಗಿ ಕಂಡು ಆ ಪುಟಗಳನ್ನು ತೋರಿಸುವ ಪದ್ಧತಿ ಈ ವೃತ್ತಿಯಲ್ಲಿದೆ. ಹೊಸಬರಿಗೆ ಇದು ರಾಜಕೀಯದಂತೆ ಕಾಣುತ್ತದೆ, ನನಗೂ ಕಂಡಿತ್ತು. ಪೀಣ್ಯದ ಆ ಸ್ಲೈಡನ್ನು ನಾವು ಯಜಮಾನರ ಮಗನಿಗೆ ಮುಂಚಿತವಾಗಿ, ಬೇರೆಯಾಗಿ ತೋರಿಸಿದ್ದರೆ ಅವರೇ ಸಹಿಯ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿ, ಸಭೆಯಲ್ಲಿ ತಾವೇ ಪ್ರಕಟಿಸುತ್ತಿದ್ದರೇನೋ. ಮುಂಚೆ ತೋರಿಸಿದಾಗ ನಿಮ್ಮ ತಪ್ಪುಗಳೂ ಸಿಕ್ಕಿಬೀಳುತ್ತವೆ. ಆದರೆ ಎಲ್ಲೆ ಒಂದಿದೆ: ಹೇಳುವ ಬಗೆಯನ್ನು ಬದಲಾಯಿಸಬಹುದು, ಅಂಕಿಯನ್ನು ಬದಲಾಯಿಸುವಂತಿಲ್ಲ. ಅಂಥ ಒತ್ತಾಯ ಬಂದರೆ ಅನಲಿಸ್ಟ್ ಆದ ನೀವು ಒಬ್ಬರೇ ಎದುರಿಸದೆ, ನಡೆದದ್ದನ್ನು ಹಾಗೆಯೇ ನಿಮ್ಮ ಮ್ಯಾನೇಜರಿಗೆ ತಿಳಿಸಿ.

ಬಾಯಿ ಬಿಗಿಹಿಡಿಯುವುದನ್ನು ಸಾಫ್ಟ್ ಸ್ಕಿಲ್ ಎಂದು ಯಾರೂ ಪಟ್ಟಿ ಮಾಡುವುದಿಲ್ಲ, ನಾನು ಮಾಡುತ್ತೇನೆ. ಓಲಾ, ಊಬರ್‌ನಲ್ಲಿ ಕುಳಿತು, ವಿಮಾನ ನಿಲ್ದಾಣದಲ್ಲಿ ಕಾಯುತ್ತ, ಕ್ಲೈಂಟ್ ಹೆಸರು ಹಿಡಿದು ಫೋನಿನಲ್ಲಿ ಮಾತನಾಡುವವರನ್ನು ದಿನವೂ ಕೇಳುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಯ ಕೆಲಸವಾದರೆ ಇದು ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಷೇರಿನ ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿ ಯಾರ ಕೈಯಲ್ಲಿದೆಯೋ ಅವರೆಲ್ಲರನ್ನೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ಒಳವ್ಯವಹಾರ (ಇನ್‌ಸೈಡರ್ ಟ್ರೇಡಿಂಗ್) ನಿಷೇಧ ನಿಯಮಗಳು ಒಳಗಿನವರೆಂದೇ ಪರಿಗಣಿಸುತ್ತವೆ, ಸಲಹೆಗಾರರೂ ಅದಕ್ಕೆ ಹೊರತಲ್ಲ. ಕ್ಲೈಂಟ್‌ನ ಅಂಕಿಗಳನ್ನು ಸಾರ್ವಜನಿಕ ಎಐ ಚಾಟ್ ತಾಣಗಳಲ್ಲಿ ಹಾಕಿ ಸಾರಾಂಶ ಮಾಡಿಸುವುದೂ, ನಿಮ್ಮ ಸಂಸ್ಥೆ ಸ್ಪಷ್ಟವಾಗಿ ಅನುಮತಿಸದ ಹೊರತು, ಅದೇ ಸಾಲಿಗೆ ಸೇರುತ್ತದೆ. ಮನೆಯವರು ಪ್ರೀತಿಯಿಂದ ಕೇಳಿದಾಗಲೂ "ಒಂದು ಸಿಮೆಂಟ್ ಕಂಪನಿ" ಎಂದಷ್ಟೇ ಹೇಳಿ ರೂಢಿ ಮಾಡಿಕೊಳ್ಳಿ.

ಉಡುಪು, ಊಟದ ರೀತಿ, ನೆಟ್‌ವರ್ಕಿಂಗ್ ಇವುಗಳ ಬಗ್ಗೆ ಹೆಚ್ಚು ಹೇಳಲಾರೆ. ಕ್ಲೈಂಟ್ ಕಚೇರಿಯಲ್ಲಿ ಉಳಿದವರು ಹೇಗಿರುತ್ತಾರೋ ಅದಕ್ಕಿಂತ ಒಂದು ಗುಂಜಿ ಅಚ್ಚುಕಟ್ಟಾಗಿದ್ದರೆ ಸಾಕು. ಮೇಲಿನವರಿಂದ ಬರುವ ಫೀಡ್‌ಬ್ಯಾಕ್ ಮೊದಲ ಆರು ತಿಂಗಳು ಒರಟಾಗಿ ಕೇಳಿಸುತ್ತದೆ, ಸಮಜಾಯಿಷಿ ಕೊಡದೆ ಬರೆದುಕೊಳ್ಳಿ, "ಇದೇ ಪುಟವನ್ನು ನೀವಾಗಿದ್ದರೆ ಹೇಗೆ ಮಾಡುತ್ತಿದ್ದಿರಿ?" ಎಂದು ಕೇಳಿ. ಪ್ರತಿ ಮೀಟಿಂಗ್ ಮುಗಿದ ಸಂಜೆಯೇ ಯಾರು ಏನನ್ನು ಯಾವಾಗ ಮಾಡಲು ಒಪ್ಪಿದರೆಂಬ ಮಿನಿಟ್ಸನ್ನು ನೀವೇ ಕಳುಹಿಸಿ. ಮೀಟಿಂಗಿನಲ್ಲಿ ಮಾತನಾಡಲು ಹಿಂಜರಿಯುವವರಿಗೆ ಇದು ಒಳ್ಳೆಯ ಆರಂಭ, ಏಕೆಂದರೆ ಮುಂದಿನ ಸಭೆ ನಿಮ್ಮ ಕಾಗದದಿಂದಲೇ ಶುರುವಾಗುತ್ತದೆ ಮತ್ತು ಅದನ್ನು ಓದುವವರು ಸಹಜವಾಗಿ ನೀವೇ ಆಗಿರುತ್ತೀರಿ.

ಜುಲೈವರೆಗೆ ಸಮಯವಿರುವುದರಿಂದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ನಿಮ್ಮೂರಿನಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಪರಿಚಯದವರ ಮೂಲಕ ಒಬ್ಬ ಭಟ್ಟಿ ಮಾಲೀಕರನ್ನು ಕಂಡು, ಅವರಿಗೆ ಬಿಡುವಿರುವ ಹೊತ್ತಿನಲ್ಲಿ, ಕಳೆದ ತಿಂಗಳು ತಂದ ಒಂದು ಲೋಡ್ ಭತ್ತ ಮಂಡಕ್ಕಿಯಾಗಿ ಮಾರಾಟವಾಗುವವರೆಗೆ ಏನೇನಾಯಿತೆಂದು ಕೇಳಿ. ಒಂದು ಗಂಟೆ ಅವರೇ ಮಾತನಾಡಲಿ. ಸಲಹೆ ಕೊಡಲು ಹೋಗಬೇಡಿ. ಮನೆಗೆ ಬಂದು ಅವರ ಲಾಭ ಎಲ್ಲಿ ಸೋರುತ್ತಿದೆಯೆಂದು ನಿಮಗೆ ಅನ್ನಿಸಿತೋ ಅದನ್ನು ಮೊದಲ ಸಾಲಿನಲ್ಲಿಟ್ಟು ಒಂದೇ ಪುಟ ಕನ್ನಡದಲ್ಲಿ ಬರೆಯಿರಿ. ಅದನ್ನು ಅವರಿಗೇ ಓದಿ ಹೇಳಿ, ಅವರು "ಹಂಗಲ್ಲಮ್ಮ" ಎಂದು ತಡೆದ ಕಡೆಗಳಲ್ಲೆಲ್ಲ ಗುರುತು ಹಾಕಿಕೊಳ್ಳಿ. ತಿದ್ದಿ ಮತ್ತೊಮ್ಮೆ ಓದಿ. ಅವರು ತಡೆಯದೆ ಕೊನೆಯವರೆಗೆ ಕೇಳಿದ ದಿನ ಆ ಪುಟವನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತುಕೊಳ್ಳಿ.